ಇಂಡಿಯ ನೋಟಿಸಿಗೆ ಮುದ್ದೇಬಿಹಾಳದ ತಕರಾರು

ಮುದ್ದೇಬಿಹಾಳ
೧೬ ಜೂನ್ ೨೦೨೫

ಸಂಘಮಿತ್ರಾ ಅವರಿಗೆ,

ಕ್ಷೇಮ ಕೇಳಲು ಈ ಪತ್ರ ಬರೆಯುತ್ತಿಲ್ಲ. ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ನಿಮ್ಮ ಹೆಸರು, ವಿಳಾಸ ನನಗೆ ಸಿಕ್ಕಿದ್ದು ಬಸವನ ಬಾಗೇವಾಡಿಯ ಉಪನೋಂದಣಿ ಕಚೇರಿಯ ನೋಟಿಸ್ ಬೋರ್ಡಿನ ಮೇಲೆ. ನನ್ನ ಚಿಕ್ಕಪ್ಪನ ಮಗಳು ವಿಜಯಲಕ್ಷ್ಮಿ ಹೊಲದ ಖರೀದಿ ಪತ್ರಕ್ಕೆಂದು ಅಲ್ಲಿಗೆ ಹೋಗಿದ್ದಳು. ಸರದಿ ಬರುವ ತನಕ ಗೋಡೆ ಓದುತ್ತ ನಿಂತವಳು ಫೋಟೊ ತೆಗೆದು ಕಳಿಸಿ, "ಅಕ್ಕಾ, ಇವ್ರು ನಮ್ಮ ಮಾವನೇ ಹೌದಲ್ಲ?" ಎಂದು ಕೇಳಿದಳು.

ಇಂಡಿ ಪಟ್ಟಣದ ಉಪನೋಂದಣಿ ಕಚೇರಿಯಲ್ಲಿ ನೀವೂ ಅವರೂ ಮದುವೆಗೆ ಅರ್ಜಿ ಕೊಟ್ಟಿದ್ದೀರಿ. ಅವರ ಕಾಯಂ ವಿಳಾಸ ಗೊಳಸಂಗಿ ಆದದ್ದರಿಂದ ನೋಟಿಸಿನ ಒಂದು ಪ್ರತಿ ಬಾಗೇವಾಡಿಗೂ ಬಂದಿದೆ. ಹೆಸರು ಅಮಿತ, ತಂದೆ ಶ್ರೀಶೈಲಪ್ಪ, ಉದ್ಯೋಗ ಖಾಸಗಿ ಕಂಪನಿ, ಅವಿವಾಹಿತ. ಕೆಳಗೆ ನಿಮ್ಮ ಹೆಸರು, ಶಿಕ್ಷಕಿ, ಇಂಡಿಯ ಬಾಡಿಗೆ ಕೋಣೆಯ ವಿಳಾಸ.

ಆ ಅಮಿತ ನನ್ನ ಗಂಡ. ೨೦೧೭ರ ಮೇ ತಿಂಗಳಲ್ಲಿ ಬಾಗೇವಾಡಿಯ ಕಲ್ಯಾಣ ಮಂಟಪದಲ್ಲಿ ನಮ್ಮ ಮದುವೆ ಆಗಿದೆ. ಅವರು ಬದುಕಿದ್ದಾರೆ, ನಾನೂ ಬದುಕಿದ್ದೇನೆ. ವಿಚ್ಛೇದನ ಆಗಿಲ್ಲ.

ತಕರಾರು ಇದ್ದವರು ಮೂವತ್ತು ದಿನದೊಳಗೆ ತಿಳಿಸಬೇಕೆಂದು ನೋಟಿಸಿನಲ್ಲಿದೆ. ನಾನು ತಿಳಿಸುವವಳಿದ್ದೇನೆ. ಅದಕ್ಕೂ ಮೊದಲು ನೀವೇ ಬಿಟ್ಟು ಸರಿದರೆ ನಿಮ್ಮ ಮಾನ ಉಳಿಯುತ್ತದೆ. ಸರಿಯದಿದ್ದರೆ ತಕರಾರಿನ ಒಂದು ಪ್ರತಿ ನಿಮ್ಮ ಶಿಕ್ಷಣಾಧಿಕಾರಿ ಕಚೇರಿಗೂ ಹೋಗುತ್ತದೆ. ಹೆಂಡತಿ ಇರುವವನನ್ನು ಮದುವೆಯಾಗುವ ಸರಕಾರಿ ನೌಕರಳಿಗೆ ಏನಾಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು.

ಒಂದು ಫೋಟೊದ ಝೆರಾಕ್ಸ್ ಇಟ್ಟಿದ್ದೇನೆ. ಕಣ್ಣಿದ್ದರೆ ನೋಡಿ.

ಐಶ್ವರ್ಯ


ಇಂಡಿ
೨೩ ಜೂನ್ ೨೦೨೫

ಐಶ್ವರ್ಯ ಅವರಿಗೆ,

ನಿಮ್ಮ ರಿಜಿಸ್ಟರ್ಡ್ ಪತ್ರವನ್ನು ಅಂಚೆಯವರು ನಮ್ಮ ಶಾಲೆಯ ಹತ್ತಿರವೇ ತಂದುಕೊಟ್ಟರು. ಮಧ್ಯಾಹ್ನದ ಊಟಕ್ಕೆ ಮಕ್ಕಳು ಸಾಲಾಗಿ ಕೂತಿದ್ದರು. ಅವರ ಮುಂದೆ ಓದಿದೆ. ಓದಿ ಮುಗಿಸಿ ಮಕ್ಕಳಿಗೆ ಸಾರು ಬಡಿಸಿದೆ ಎಂದು ನಿಮಗೆ ತಿಳಿದಿರಲಿ.

ಅಮಿತ ಅವರು ನಿಮ್ಮ ವಿಷಯ ನನಗೆ ಹೇಳಿದ್ದಾರೆ. ನಿಮ್ಮ ಅವರ ನಡುವೆ ನಿಶ್ಚಯ ಆಗಿ ಮುರಿದು ಬಿದ್ದದ್ದು ಗೊತ್ತು. ನೀವು ಕಳಿಸಿದ ಫೋಟೊದಲ್ಲಿ ಇಬ್ಬರ ಕೊರಳಲ್ಲೂ ಹಾರ ಇದೆ, ಅಷ್ಟೇ. ನಿಶ್ಚಿತಾರ್ಥದಲ್ಲೂ ಹಾರ ಹಾಕುತ್ತಾರೆ. ನಿಮ್ಮ ಹೆಸರಿನಲ್ಲಾಗಲಿ ಅವರ ಹೆಸರಿನಲ್ಲಾಗಲಿ ಬಾಗೇವಾಡಿಯಲ್ಲಿ ಮದುವೆಯ ನೋಂದಣಿ ಇಲ್ಲ. ಅವರು ವಿಚಾರಿಸಿ ಬಂದಿದ್ದಾರೆ. ನಿಮ್ಮ ಹತ್ತಿರ ಮದುವೆಯ ಪ್ರಮಾಣಪತ್ರ ಇದ್ದರೆ ಅದರ ನಕಲು ಕಳಿಸಿ. ಒಂದು ಹಾಳೆಯ ಕೆಲಸ.

ಅದು ಇಲ್ಲದಿದ್ದರೆ ನಿಮ್ಮ ಪತ್ರದ ಅರ್ಥ ನನಗೆ ಬೇರೆ ಕಡೆಯಿಂದ ಗೊತ್ತಾಗುತ್ತದೆ. ನಮ್ಮ ಮನೆಯ ಹೆಣ್ಣುಮಗಳು ನಿಮ್ಮ ಮನೆಯ ಹೊಸ್ತಿಲು ದಾಟುತ್ತಾಳೆ ಎಂದಾಗ ಹೀಗೆ ಪತ್ರಗಳು ಬರುತ್ತವೆ. ಸಿಂದಗಿಯಲ್ಲಿ ನನ್ನ ಸೋದರತ್ತೆಯ ಮಗಳ ಮದುವೆಗೂ ಬಂದಿದ್ದವು. ಆಗ ಹುಡುಗಿಗೆ ಹುಚ್ಚು ಎಂದು ಬರೆದಿದ್ದರು. ಈ ಸಲ ಹುಡುಗನಿಗೆ ಹೆಂಡತಿ ಇದ್ದಾಳೆ ಎಂದು.

ಇನ್ನು ಮುಂದೆ ಹೇಳುವುದಿದ್ದರೆ ಬರೆದೇ ಹೇಳಿ. ಫೋನಿನಲ್ಲಿ ಆಡಿದ ಮಾತನ್ನು ನಾಳೆ ಯಾರು ಬೇಕಾದರೂ ಆಡಿಲ್ಲ ಎನ್ನಬಹುದು. ಶಿಕ್ಷಣಾಧಿಕಾರಿಗಳ ಕಚೇರಿ ಇಂಡಿಯಲ್ಲೇ ಇದೆ, ಬಸ್ ನಿಲ್ದಾಣದಿಂದ ದೂರವಿಲ್ಲ.

ಸಂಘಮಿತ್ರಾ ಸಿದ್ರಾಮ


ಮುದ್ದೇಬಿಹಾಳ
೨೭ ಜೂನ್ ೨೦೨೫

ಸಂಘಮಿತ್ರಾ,

ಪ್ರಮಾಣಪತ್ರ ಕೇಳಿದ್ದಿ. ಕೇಳು ಹಾಗಾದರೆ.

ಮದುವೆಯಾದ ತಿಂಗಳೊಪ್ಪತ್ತಿಗೆ ನಾನೇ ನೋಂದಣಿಯ ಮಾತು ತೆಗೆದಿದ್ದೆ. ನನ್ನ ಅತ್ತೆ ಹಿಟ್ಟು ನಾದುತ್ತ, "ನಾವೇನ್ ಓಡಿಹೋಗಿ ಮದುವಿ ಆದವ್ರೇನವ್ವಾ, ಕಚೇರಿಗೆ ಹೋಗಿ ಸಹಿ ಮಾಡಾಕ? ಊರ ಮಂದಿ ಉಂಡು ಹೋಗ್ಯಾರ, ಅದಕ್ಕಿಂತ ದೊಡ್ಡ ದಾಖಲಿ ಯಾವುದೈತಿ?" ಎಂದಳು. ಮಾವ ಶ್ರೀಶೈಲಪ್ಪನವರು ನಕ್ಕರು. ನಿನ್ನ ಅಮಿತನೂ ನಕ್ಕ. ನಾನೂ ನಕ್ಕೆ.

ಮೊನ್ನೆ ಬುಧವಾರ ಇಂಡಿಗೆ ಬಂದು ತಕರಾರು ಕೊಟ್ಟಿದ್ದೇನೆ. ಅಲ್ಲಿಂದ ಬಾಗೇವಾಡಿಗೆ ಹೋಗಿ, ಈಗಲಾದರೂ ನನ್ನ ಮದುವೆ ನೋಂದಾಯಿಸಿ ಎಂದು ಕೇಳಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಹೇಳಿದರು: "ತಂಗಿ, ತಡ ಆದ್ರೂ ಮಾಡಾಕ ಬರ್ತೈತಿ. ಆದ್ರ ಗಂಡ-ಹೆಂಡ್ತಿ ಇಬ್ಬರೂ ಬಂದು ಸಹಿ ಮಾಡಬೇಕು. ಯಜಮಾನ್ರನ್ನ ಕರಕೊಂಡ ಬರ್ರಿ." ಯಜಮಾನರು ಎಲ್ಲಿದ್ದಾರೆಂದು ಅವರಿಗೆ ಏನು ಹೇಳಲಿ? ನಿಮ್ಮದೇ ಗೋಡೆಯ ಮೇಲೆ ಇದ್ದಾರೆ ಎನ್ನಲೇ?

ಮದುವೆಯ ಆಲ್ಬಮ್ಮು, ವಿಡಿಯೊ ಎಲ್ಲಾ ಗೊಳಸಂಗಿಯ ಮನೆಯಲ್ಲಿವೆ. ಫೋಟೊ ತೆಗೆದವನ ಅಂಗಡಿ ಮುಚ್ಚಿದೆ. ನನ್ನ ಆಧಾರ್ ಕಾರ್ಡಿನಲ್ಲಿ ಇನ್ನೂ ಅಪ್ಪನ ಹೆಸರೇ ಇದೆ. ಅಪ್ಪ ಇಲ್ಲ. ಇದೆಲ್ಲ ಗೊತ್ತಿದ್ದೇ ಅವನು ಅವಿವಾಹಿತ ಎಂದು ಬರೆಸಿದ್ದಾನೆ, ನೀನೂ ಗೊತ್ತಿದ್ದೇ ಸಹಿ ಹಾಕಿದ್ದಿ.

ಜಾತಿಯ ಮಾತು ತೆಗೆದದ್ದು ನೀನು. ನಾನಲ್ಲ. ಮೀಸಲಾತಿಯಲ್ಲಿ ನೌಕರಿ ಸಿಕ್ಕಿತು, ಈಗ ಗಂಡನೂ ಯಾರದೋ ಪಾಲಿನವನೇ ಬೇಕಾಯಿತೇ?

ನನ್ನ ಗಂಡನನ್ನು ನನಗೆ ಬಿಡು.

ಐಶ್ವರ್ಯ


ಇಂಡಿ
೧ ಜುಲೈ ೨೦೨೫

ಐಶ್ವರ್ಯ ಅವರಿಗೆ,

ನನ್ನ ತಂದೆ ಸಿದ್ರಾಮ ಅವರಿಗೆ ಅರವತ್ತೆರಡು ವರ್ಷ. ನೀರಾವರಿ ಇಲಾಖೆಯಲ್ಲಿ ನಿವೃತ್ತಿಯ ತನಕ ದುಡಿದರು. ಇಂದಿಗೂ ಕೆಲವು ಓಣಿಗಳಲ್ಲಿ ಹತ್ತು ವರ್ಷದ ಹುಡುಗರು ಅವರನ್ನು "ಏ ಸಿದ್ರಾಮಾ" ಎಂದು ಕರೆಯುತ್ತಾರೆ. ಆದ್ದರಿಂದ ಏಕವಚನ ನನಗೆ ಹೊಸದಲ್ಲ. ಯಾರ ಬಾಯಿಂದ ಯಾವಾಗ ಹೊರಡುತ್ತದೆ ಎಂಬುದೂ ಹೊಸದಲ್ಲ. ನಿಮ್ಮ ಎರಡನೆಯ ಪತ್ರಕ್ಕೇ ಹೊರಟಿತು.

ನನ್ನ ನೌಕರಿಗೆ ನಾನು ಪರೀಕ್ಷೆ ಬರೆದಿದ್ದೇನೆ. ನಿಮ್ಮ ಗಂಡ ಎನ್ನುತ್ತೀರಲ್ಲ, ಅವರಿಗೆ ನಾನು ಅರ್ಜಿ ಹಾಕಿರಲಿಲ್ಲ. ಅವರೇ ಬಂದರು. ನಿಂಬೆ ತೋಟಗಳಿಗೆ ಹನಿ ನೀರಾವರಿ ಪೈಪು ಮಾರುವ ಕಂಪನಿಯವರೆಂದು, ಶಾಲೆಯ ಕೈತೋಟಕ್ಕೆ ಉಳಿದ ಪೈಪು ಪುಕ್ಕಟೆ ಹಾಕಿಕೊಡುತ್ತೇನೆಂದು ಬಂದರು. ಒಂದು ವರ್ಷ ಬಂದರು. ಒಬ್ಬ ಗಂಡಸನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗದವರು ಊರೂರಿಗೆ ಪತ್ರ ಬರೆದು ಅವನನ್ನು ಹುಡುಕಬಾರದು.

ತಕರಾರು ಕೊಟ್ಟಿದ್ದೀರಿ, ಒಳ್ಳೆಯದು. ವಿಚಾರಣೆಗೆ ಜುಲೈ ೨೪ ಎಂದು ತಿಳಿಸಿದ್ದಾರೆ. ಅಲ್ಲಿ ದಾಖಲೆ ತನ್ನಿ. ಕಣ್ಣೀರು ತಂದರೆ ಅದನ್ನು ಫೈಲಿಗೆ ಹಚ್ಚಲು ಬರುವುದಿಲ್ಲ.

ಇನ್ನು ನಿಮ್ಮ ಪತ್ರಕ್ಕೆ ಉತ್ತರ ಇಲ್ಲ.

ಸಂಘಮಿತ್ರಾ ಸಿದ್ರಾಮ


ಸಿಂದಗಿ
೧೩ ಜುಲೈ ೨೦೨೫

ಐಶ್ವರ್ಯ ಅವರಿಗೆ,

ಉತ್ತರ ಇಲ್ಲ ಎಂದಿದ್ದೆ. ಬರೆಯುತ್ತಿದ್ದೇನೆ. ಇದನ್ನು ನಿಮ್ಮ ಗೆಲುವು ಎಂದುಕೊಳ್ಳಬೇಡಿ.

ನಿನ್ನೆ ಎರಡನೆಯ ಶನಿವಾರ, ಶಾಲೆಗೆ ರಜೆ. ವಿಜಯಪುರದಲ್ಲಿ ಬಸ್ಸು ಬದಲಿಸಿ ಗೊಳಸಂಗಿಗೆ ಹೋದೆ. ಅಮಿತ ಅವರಿಗೆ ಹೇಳಿರಲಿಲ್ಲ. "ಅವ್ವ ನಿನ್ನ ಫೋಟೊ ನೋಡ್ಯಾಳ, ನನ್ನ ಸೊಸಿ ಅಂದಾಳ" ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಅದು ನಿಜವಾದರೆ ಆ ಅವ್ವ ನನ್ನನ್ನು ನೋಡಿದ ಕೂಡಲೇ ಗುರುತಿಸಬೇಕಿತ್ತು.

ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದವರು ತಲೆ ಎತ್ತಿ, "ಯಾರವ್ವಾ?" ಎಂದರು.

ನನ್ನ ಬಾಯಿಗೆ ಬಂದದ್ದು ನಿಮ್ಮ ಹೆಸರು. "ಐಶ್ವರ್ಯ ಅವರ ಗೆಳತಿ ರೀ. ಅದಾರೇನ್ರಿ?"

"ನಮ್ಮ ಸೊಸಿ ತವರಿಗೆ ಹೋಗ್ಯಾಳವ್ವಾ, ಮುದ್ದೇಬಿಹಾಳಕ್ಕ. ಬಾ, ಒಳಗ ಬಾ, ಕುಂದ್ರು."

ಪಡಸಾಲೆಯಲ್ಲಿ ಕೂರಿಸಿ ನೀರು ಕೊಟ್ಟರು. ಎದುರು ಗೋಡೆಯ ಮೇಲೆ ನಿಮ್ಮಿಬ್ಬರ ಫೋಟೊ ಇದೆ. ಇಬ್ಬರ ಹಣೆಗೂ ಬಾಸಿಂಗ, ನಿಮ್ಮ ಕೊರಳಲ್ಲಿ ತಾಳಿ, ಅಮಿತ ಅವರ ಕೈಯಲ್ಲಿ ಇನ್ನೂ ಅಕ್ಷತೆಯ ಕಾಳು. ಅವರು ಅಲ್ಲಿ ನಗುತ್ತಿರುವ ಹಾಗೆಯೇ ನಮ್ಮ ಶಾಲೆಯ ಕೈತೋಟದಲ್ಲೂ ನಗುತ್ತಿದ್ದರು.

"ಬಾಳ ದಿನಾ ಆತೇನ್ರಿ ಹೋಗಿ?" ಎಂದು ಕೇಳಿದೆ.

"ಗಂಡ-ಹೆಂಡ್ತಿ ಅಂದಮ್ಯಾಲ ಒಂದು ಮಾತು ಬರ್ತದ, ಹೋಗ್ತದ. ಅವಾ ಇಂಡಿ ಕಡೆ ನೌಕರಿ ಅಂತ ತಿರಗಾಕತ್ತಾನ. ದೀಪಾವಳಿಗೆ ಕರಕೊಂಡ ಬರ್ತೇವಿ." ಆಮೇಲೆ ಒಳಗೆ ಚಹಾಕ್ಕೆ ಇಟ್ಟು ಬಂದು, "ನೀ ಯಾವೂರಾಕಿ? ಯಾರ ಪೈಕಿ?" ಎಂದರು.

ಹೇಳಿದೆ. ಸಿಂದಗಿ, ಸಿದ್ರಾಮ-ಮರೆವ್ವ ಅವರ ಮಗಳು, ಬುದ್ಧ ಧಮ್ಮದವರು ಎಂದೆ.

ಅವರು ಬೈಯಲಿಲ್ಲ. "ಹೌದೇನು" ಎಂದರು. ಒಲೆಯ ಮೇಲೆ ಚಹಾ ಕುದಿಯುವ ಸಪ್ಪಳ ಕೇಳುತ್ತಿತ್ತು. ಅದು ಹೊರಗೆ ಬರಲೇ ಇಲ್ಲ. ನಾನು ಏಳುವಾಗ, "ಆ ಗ್ಲಾಸ ಅಲ್ಲೇ ನಳದ ಹಂತ್ಯಾಕ ಇಡವ್ವಾ" ಎಂದರು. ಇಟ್ಟು ಬಂದೆ.

ಬಸ್ಸಿನಲ್ಲಿ ಕೂತು ಅಮಿತ ಅವರಿಗೆ ಫೋನ್ ಮಾಡಿದೆ. "ಗೊಳಸಂಗಿಗೆ ಯಾಕ ಹೋಗಿದ್ದಿ?" ಎಂದು ಕೇಳಿದರು. ಬೇರೆ ಏನನ್ನೂ ಕೇಳಲಿಲ್ಲ.

ಈಗ ಅಪ್ಪನ ಮನೆಗೆ ಬಂದಿದ್ದೇನೆ. ನೋಟಿಸ್ ಹಿಂತೆಗೆದುಕೊಳ್ಳುತ್ತೇನೆ. ಇಂಡಿಯ ಕಚೇರಿಗೆ ಹೋಗಿ ಒಂದು ಸಾಲು ಬರೆದುಕೊಟ್ಟರೆ ಮುಗಿಯಿತು. ವಿಚಾರಣೆಯೂ ಇರುವುದಿಲ್ಲ. ನಿಮ್ಮ ಗಂಡನನ್ನು ನೀವು ಕೇಳಿದ್ದಿರಿ. ತೆಗೆದುಕೊಂಡು ಹೋಗಿ.

ನಿಮ್ಮ ಮೀಸಲಾತಿಯ ಮಾತನ್ನು ನಾನು ಮರೆಯುವವಳಲ್ಲ.

ಸಂಘಮಿತ್ರಾ


ಮುದ್ದೇಬಿಹಾಳ
೧೬ ಜುಲೈ ೨೦೨೫

ಸಂಘಮಿತ್ರಾ ಅವರಿಗೆ,

ಹಿಂತೆಗೆದುಕೊಳ್ಳಬೇಡಿ. ಈ ಪತ್ರ ಮುಟ್ಟುವುದರೊಳಗೆ ಹಿಂತೆಗೆದುಕೊಂಡಿದ್ದರೆ ನನ್ನನ್ನು ಎರಡು ಸಲ ಮುಳುಗಿಸಿದಿರಿ ಎಂದೇ ತಿಳಿಯುತ್ತೇನೆ.

ನೀವು ನನ್ನನ್ನು ತಪ್ಪು ತಿಳಿದಿದ್ದೀರಿ. ತಪ್ಪು ತಿಳಿಯಲಿ ಎಂದೇ ನಾನೂ ಹಾಗೆ ಬರೆದಿದ್ದೆ. ಗಂಡನನ್ನು ಬಿಟ್ಟುಕೊಡು ಎಂದು ಅತ್ತರೆ ಯಾವ ಹೆಂಗಸಿಗಾದರೂ ಅರ್ಥವಾಗುತ್ತದೆ ಎಂದುಕೊಂಡಿದ್ದೆ. ನನಗೆ ಆ ಮನುಷ್ಯ ಬೇಡ.

ಅವರು ಕೈ ಎತ್ತುವವರಲ್ಲ. ಎತ್ತಿದ್ದರೆ ಗಾಯ ತೋರಿಸಬಹುದಿತ್ತು. ಅವರು ಮಾತು ಬಿಟ್ಟರು. ಒಂದೇ ಮನೆಯಲ್ಲಿ, ಒಂದೇ ತಾಟಿನ ಎದುರು, ವರ್ಷಕ್ಕೂ ಹೆಚ್ಚು ಕಾಲ ನನ್ನೊಡನೆ ಮಾತಾಡಲಿಲ್ಲ. ಮಕ್ಕಳಾಗಲಿಲ್ಲ ಎಂಬ ಒಂದು ಮಾತನ್ನು ಅವರ ಬದಲಿಗೆ ಊರು ಆಡಿತು. ನನ್ನ ಅವ್ವನಿಗೆ ಜ್ವರ ಎಂದು ಕಾರಿನಲ್ಲಿ ಮುದ್ದೇಬಿಹಾಳಕ್ಕೆ ತಂದುಬಿಟ್ಟರು. ಅವ್ವನ ಜ್ವರ ಹೋಯಿತು, ಕಾರು ಬರಲಿಲ್ಲ. ಮೂರನೆಯ ವರ್ಷ ನಡೆಯುತ್ತಿದೆ. ಕಳೆದ ಚಳಿಗಾಲದಲ್ಲಿ ಗೊಳಸಂಗಿಯ ಇಬ್ಬರು ಹಿರಿಯರು ಒಂದು ಬಾಂಡ್ ಪೇಪರು ಹಿಡಿದು ಬಂದರು. "ಮದುವೆ ಆಗಿಲ್ಲ, ನಿಶ್ಚಿತಾರ್ಥ ಮಾತ್ರ ಆಗಿತ್ತು" ಎಂದು ಬರೆದಿತ್ತು. ನನ್ನ ಅವ್ವ ಕಸ್ತೂರೆವ್ವ ಕಸಬರಿಗೆ ತೆಗೆದುಕೊಂಡಳು, ಅವರು ಹೋದರು.

ನಾನು ಇಲ್ಲಿ ಕೋರ್ಟಿನ ಎದುರು ಬಂದಗಿಸಾಬರ ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಪಕ್ಕದ ವಕೀಲ ಸಂಜೀವಕುಮಾರರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: "ಜೀವನಾಂಶ ಕೇಳು, ವಿಚ್ಛೇದನ ಕೇಳು, ಏನ ಕೇಳಿದ್ರೂ ಅವ್ರ ಮೊದಲ ಮಾತು ಮದುವೀನೇ ಆಗಿಲ್ಲ ಅಂತ. ಊರಾನವ್ರು ಯಾರೂ ಶ್ರೀಶೈಲಪ್ಪನ ಎದುರು ಸಾಕ್ಷಿ ಹೇಳಂಗಿಲ್ಲ. ಮದುವಿ ಆಗೈತಿ ಅಂತ ಯಾವುದರೆ ಸರಕಾರಿ ಕಾಗದ ಇದ್ರ ಕೇಸಿಗೆ ಕಾಲು ಬರ್ತಾವು."

ಆ ಕಾಗದ ನಿಮ್ಮ ನೋಟಿಸಿನಿಂದ ಬರುತ್ತದೆ. ಅಧಿಕಾರಿ ವಿಚಾರಣೆ ಮಾಡಿ, ಇವನಿಗೆ ಹೆಂಡತಿ ಇದ್ದಾಳೆ, ಆದ್ದರಿಂದ ಈ ಮದುವೆ ಮಾಡಿಸಲಾಗದು ಎಂದು ಆದೇಶ ಬರೆದರೆ, ನಾನು ಅವನ ಹೆಂಡತಿ ಎಂದು ಸರಕಾರ ಬರೆದ ಮೊದಲ ಕಾಗದ ಅದು. ನಿಮ್ಮ ಮದುವೆ ನಿಂತ ಕಾಗದವೇ ನನ್ನ ಮದುವೆ ಆಗಿತ್ತು ಎನ್ನುವ ಕಾಗದ. ನೀವು ನೋಟಿಸನ್ನೇ ಹಿಂತೆಗೆದುಕೊಂಡರೆ ತಕರಾರಿಗೆ ತಳವೇ ಇಲ್ಲ. ಆದೇಶವೂ ಇಲ್ಲ. ಅಮಿತ ನಾಳೆ ಬೇರೆ ತಾಲೂಕಿನಲ್ಲಿ ಬೇರೆ ಟೀಚರನ್ನು ಹುಡುಕಿಕೊಳ್ಳುತ್ತಾನೆ.

೨೪ಕ್ಕೆ ಬನ್ನಿ. ಕೂತು, ಕಂಡದ್ದನ್ನು ಹೇಳಿ. ಬೇಡಿಕೊಳ್ಳುತ್ತಿಲ್ಲ. ಗೋಡೆಯ ಮೇಲಿನ ಆ ಫೋಟೊ ಕಂಡವರಲ್ಲಿ ಅವರ ಸಂಬಂಧಿಕರೂ ಊರವರೂ ಅಲ್ಲದವರು ನೀವೊಬ್ಬರೇ.

ಐಶ್ವರ್ಯ


ಇಂಡಿ
೧೯ ಜುಲೈ ೨೦೨೫

ಐಶ್ವರ್ಯ ಅವರಿಗೆ,

ನಿಮ್ಮ ಕೇಸಿಗೆ ಕಾಲು ಬರಲಿ ಎಂದು ನನ್ನ ಕಾಲು ಮುರಿದುಕೊಳ್ಳಬೇಕೇ?

ಆ ಕಚೇರಿಯಲ್ಲಿ ಖರೀದಿ, ಹೊಲದ ಮೇಲಿನ ಸಾಲದ ಬೋಜಾ, ಭಾಗಪತ್ರ ಎಂದು ದಿನವೂ ಅರ್ಧ ತಾಲೂಕು ನಿಂತಿರುತ್ತದೆ. ನಮ್ಮ ಶಾಲೆಯ ಮಕ್ಕಳ ತಂದೆತಾಯಿಯರು ಅವರಲ್ಲಿರುತ್ತಾರೆ. ಅವರೆದುರು ನಾನು ಮೋಸ ಹೋದೆ ಎಂದು ಬಾಯಿಬಿಟ್ಟು ಹೇಳಿ, ಅದನ್ನು ಬರೆಸಿಕೊಂಡು, ಕೆಳಗೆ ಸಹಿ ಹಾಕಬೇಕು. ಮೋಸ ಹೋದಳೋ, ಗೊತ್ತಿದ್ದೇ ಹೋದಳೋ ಎಂದು ಸಂಜೆಯ ಹೊತ್ತಿಗೆ ಊರು ತೀರ್ಮಾನ ಮಾಡುತ್ತದೆ. ನಿಮ್ಮ ಮಂದಿಗೆ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಯಾವ ತೀರ್ಮಾನ ಸುಲಭ ಎಂದು ನನಗೆ ಗೊತ್ತು. ಶಿಕ್ಷಣಾಧಿಕಾರಿಗೆ ಬರೆಯುತ್ತೇನೆ ಎಂದು ಬೆದರಿಸಿದವರು ನೀವು. ಈಗ ಅದೇ ನೌಕರಿಯನ್ನು ಪಣಕ್ಕಿಟ್ಟು ನಿಮಗೆ ಸಾಕ್ಷಿ ಹೇಳಬೇಕು.

ಸೋಮವಾರ ಶಾಲೆ ಬಿಟ್ಟ ಮೇಲೆ ಹೋಗಿ ಹಿಂತೆಗೆದುಕೊಳ್ಳುತ್ತೇನೆ. ಇದು ಕೊನೆಯ ಮಾತು.

ಸಂಘಮಿತ್ರಾ


ಮುದ್ದೇಬಿಹಾಳ
೪ ಆಗಸ್ಟ್ ೨೦೨೫

ಸಂಘಮಿತ್ರಾ ಅವರಿಗೆ,

೨೪ರಂದು ನಾನು ಇಂಡಿಗೆ ಬಂದದ್ದು ನೀವು ಬರುವುದಿಲ್ಲ ಎಂದುಕೊಂಡೇ. ನೋಟಿಸ್ ಹಿಂತೆಗೆದುಕೊಂಡಿದ್ದಾರೆ, ಹೋಗಿ ಎಂದು ಕಚೇರಿಯವರ ಬಾಯಿಂದಲೇ ಕೇಳಿ ವಾಪಸ್ಸಾಗೋಣ ಎಂದು ಅವ್ವನನ್ನೂ ವಿಜಯಲಕ್ಷ್ಮಿಯನ್ನೂ ಕರೆದುಕೊಂಡು ಬಂದಿದ್ದೆ.

ಹೊರಗಿನ ಬೆಂಚಿನ ಮೇಲೆ ಬಿಳಿ ಅಂಗಿಯ ಹಿರಿಯರೊಬ್ಬರು ಕೂತಿದ್ದರು. ಅವ್ವ ಮೊಣಕಾಲು ಹಿಡಿದುಕೊಂಡು ನಿಂತದ್ದನ್ನು ನೋಡಿ, "ಕುಂದರ್ರಿ ಯವ್ವಾ" ಎಂದು ಸರಿದು ಜಾಗ ಕೊಟ್ಟರು. ಅಷ್ಟರಲ್ಲಿ ಯಾರೋ ಪರಿಚಯದವರು ಅವರಿಗೆ "ಜೈಭೀಮ್ ಸಿದ್ರಾಮಣ್ಣ" ಎಂದರು. ಅವ್ವ ನನ್ನ ಮುಖ ನೋಡಿದಳು. ಒಂದು ಗಳಿಗೆ ನಿಂತೇ ಇದ್ದಳು. ಆಮೇಲೆ ಕೂತಳು. ಅವರು ನಿಮ್ಮ ತಂದೆ ಎಂದು ಆಗಲೇ ನನಗೆ ಗೊತ್ತಾಯಿತು, ನೀವು ಒಳಗಿದ್ದೀರಿ ಎಂದೂ.

ಒಳಗೆ ನೀವು ನನ್ನ ಕಡೆ ತಿರುಗಿ ನೋಡಲಿಲ್ಲ. ನನ್ನನ್ನು ತೋರಿಸಿ ಅಧಿಕಾರಿ ಕೇಳಿದಾಗ ಅಮಿತ ಹೇಳಿದ್ದು, "ಮುದ್ದೇಬಿಹಾಳದ ಕಡಿಯವ್ರು ರೀ. ನಿಶ್ಚಯ ಆಗಿತ್ತು, ಬಿಟ್ಟಹೋತು. ರೊಕ್ಕದ ಆಸೆಕ್ಕ ಬಂದಾರ್ರಿ." ನನ್ನ ಅವ್ವನ ಸಾಕ್ಷಿಗೆ ತಾಯಿ ಮಗಳ ಪರವಾಗಿಯೇ ಹೇಳುತ್ತಾಳೆ ಎಂದ. ವಿಜಯಲಕ್ಷ್ಮಿಯ ಸಾಕ್ಷಿಗೂ ಅದೇ ಮಾತು. ಅವನು ಕಾಲ ಮೇಲೆ ಕಾಲು ಹಾಕಿಕೊಂಡೇ ಇದ್ದ. ಆಮೇಲೆ ನಿಮ್ಮನ್ನು ಕೇಳಿದರು.

ನೀವು ಎದ್ದು ನಿಂತು ಹೇಳಿದಿರಿ: "ಇವ್ರು ಅವ್ರ ಹೆಂಡ್ತಿ ರೀ. ಗೊಳಸಂಗಿ ಮನ್ಯಾಗ ಬಾಸಿಂಗದ ಫೋಟೊ ಐತಿ, ನಾ ಕಣ್ಣಾರೆ ನೋಡೇನಿ. ಅವ್ರ ತಾಯಿ ನನ್ನ ಮುಂದ ನಮ್ಮ ಸೊಸಿ ಅಂದಾರ."

ಅಮಿತ ಕಾಲು ಇಳಿಸಿದ. "ಈಕಿಗೂ ಎಲ್ಲಾ ಗೊತ್ತಿತ್ತು ರೀ, ಈಗ ನಾಟಕ ಮಾಡಾಕತ್ತಾಳ" ಎಂದ. ಅಧಿಕಾರಿ ಪೆನ್ನು ಕೆಳಗಿಟ್ಟು, "ಟೀಚರ್, ನಿಮಗ ಮೊದಲ ಗೊತ್ತಿತ್ತೇನ್ರಿ?" ಎಂದರು.

ಇಲ್ಲ ಎನ್ನಬಹುದಿತ್ತು. ನಾನೂ ಇಲ್ಲ ಎನ್ನುತ್ತೀರಿ ಎಂದೇ ತಿಳಿದಿದ್ದೆ. ನೀವು ಹೇಳಿದ್ದು ಬೇರೆ: "ಮದುವಿ ಆಗಿತ್ತು ಅಂತ ಗೊತ್ತಿತ್ತು ರೀ. ಹಿರಿಯರ ಮುಂದ ಬಿಡುಗಡಿ ಆಗೈತಿ ಅಂತ ಅವ್ರು ಹೇಳಿದ್ದಕ್ಕ ನಂಬಿದ್ದೆ. ಅರ್ಜಿಯೊಳಗ ಅವಿವಾಹಿತ ಅಂತ ಬರದಾಗ ನೋಡೇನಿ, ಸುಮ್ಮಿದ್ದೆ. ಅದನ್ನೂ ಬರಕೊಳ್ರಿ."

ಹಾಗಾದರೆ ಜೂನ್ ೨೩ರ ಪತ್ರದಲ್ಲಿ ನಿಶ್ಚಯ ಮಾತ್ರ ಆಗಿತ್ತು ಎಂದು ನನಗೆ ನೀವು ಬರೆದದ್ದು ಸುಳ್ಳು. ಅಂದು ಅದನ್ನು ಓದಿ ನಾನು ಊಟ ಬಿಟ್ಟಿದ್ದೆ. ಅದಕ್ಕೆ ಕ್ಷಮೆ ಇಲ್ಲ.

ನೀವೂ ನಿಮ್ಮ ತಂದೆಯೂ ಹೋದ ಮೇಲೆ ಅಂಗಳದಲ್ಲಿ ಅವನು ನನ್ನ ಹತ್ತಿರ ಬಂದು, ವರ್ಷಗಳ ಮೇಲೆ ಮಾತಾಡಿದ. "ನಡಿ, ಗೊಳಸಂಗಿಗೆ ಹೋಗೂಣು. ಆದದ್ದು ಆತು" ಎಂದ. ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮಗಳು ಗಂಡನ ಮನೆಗೆ ಹೋಗಲಿ ಎಂಬ ಆಸೆ ಅವಳಿಗೆ ಇನ್ನೂ ಇತ್ತು. ನಾನು, "ನಿಶ್ಚಯ ಬಿಟ್ಟುಹೋದಾಕಿ ಜೋಡಿ ಹೆಂಗ ಹೋಗ್ತೀರಿ?" ಎಂದೆ. ವಿಜಯಲಕ್ಷ್ಮಿ ನಕ್ಕಳು. ಅವ್ವ ಅತ್ತಳು.

ಆದೇಶ ಬಂದಿದೆ. ದೃಢೀಕೃತ ನಕಲಿಗೆ ಅರ್ಜಿ ಹಾಕಿ ಶುಕ್ರವಾರ ತಂದೆ. "ಎರಡನೇ ಅರ್ಜಿದಾರರ ಹೇಳಿಕೆಯಿಂದ, ಒಂದನೇ ಅರ್ಜಿದಾರರಿಗೂ ತಕರಾರುದಾರರಿಗೂ ವಿವಾಹವಾಗಿದ್ದು ಅದು ಊರ್ಜಿತದಲ್ಲಿದೆ ಎಂದು ಕಂಡುಬರುತ್ತದೆ" ಎಂದಿದೆ. ಎರಡನೇ ಅರ್ಜಿದಾರರು ನೀವು. ಬಂದಗಿಸಾಬರು ಓದಿ, ಅಂಗಡಿಯಲ್ಲಿ ಎಲ್ಲರಿಗೂ ಚಹಾ ತರಿಸಿದರು. ವಕೀಲರು ಇಲ್ಲಿಯ ಕೋರ್ಟಿನಲ್ಲಿ ವಿಚ್ಛೇದನಕ್ಕೂ ಜೀವನಾಂಶಕ್ಕೂ ಅರ್ಜಿ ಹಾಕಿದ್ದಾರೆ.

ಇನ್ನೊಂದು ಇದೆ. ನೀವು ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದ ಆ ಕೊನೆಯ ಪತ್ರ ಓದಿದ ದಿನವೇ ಸಿಟ್ಟಿನಲ್ಲಿ ಶಿಕ್ಷಣಾಧಿಕಾರಿಗೆ ಅರ್ಜಿ ಕಳಿಸಿಬಿಟ್ಟಿದ್ದೆ. ವಿಚಾರಣೆಯ ಮರುದಿನ ಮತ್ತೆ ಇಂಡಿಗೆ ಹೋಗಿ ಅದನ್ನು ವಾಪಸ್ಸು ಕೇಳಿದೆ. "ಒಮ್ಮಿ ಇನ್‌ವರ್ಡ್ ಆತಂದ್ರ ತಿರುಗಿ ಕೊಡಂಗಿಲ್ರಿ" ಎಂದರು. ಈ ಎರಡನೆಯ ಮದುವೆ ಆಗಿಲ್ಲ, ಇವರ ಹೇಳಿಕೆಯಿಂದಲೇ ನಿಂತಿದೆ ಎಂದು ಎರಡನೆಯ ಅರ್ಜಿ ಬರೆದುಕೊಟ್ಟೆ. ಮೊದಲನೆಯದಕ್ಕೆ ಅದು ಸಾಲುತ್ತದೋ ಇಲ್ಲವೋ ಗೊತ್ತಿಲ್ಲ.

ಮೀಸಲಾತಿಯ ಆ ಒಂದು ಸಾಲು ನಾನು ಬರೆಯಬಾರದಿತ್ತು. ಉಳಿದದ್ದೆಲ್ಲ ಬರೆಯಬೇಕಾದದ್ದೇ.

ಐಶ್ವರ್ಯ


ಇಂಡಿ
೧೦ ಸೆಪ್ಟೆಂಬರ್ ೨೦೨೫

ಐಶ್ವರ್ಯ ಅವರಿಗೆ,

ನಿಮ್ಮ ಅರ್ಜಿಗೆ ನನಗೆ ಕಾರಣ ಕೇಳುವ ನೋಟಿಸ್ ಬಂತು. ಅಧಿಕಾರಿಗಳ ಎದುರು ಎರಡು ಸಲ ನಿಂತು, ಉಪನೋಂದಣಿ ಕಚೇರಿಯಲ್ಲಿ ಹೇಳಿದ್ದನ್ನೇ ಹೇಳಿದೆ. ಲಿಖಿತ ಎಚ್ಚರಿಕೆ ಕೊಟ್ಟು ಮುಗಿಸಿದ್ದಾರೆ. ಅದು ನನ್ನ ಸೇವಾ ಪುಸ್ತಕದಲ್ಲಿ ಉಳಿಯುತ್ತದೆ. ನಿಮ್ಮ ಎರಡನೆಯ ಅರ್ಜಿಯನ್ನು ಅವರು ಓದಿದರು. ಅದರಿಂದ ಉಪಯೋಗವಾಯಿತು ಎಂದು ಗುಮಾಸ್ತರು ಹೇಳಿದರು. ನನಗೆ ಅದು ಬೇಕಿರಲಿಲ್ಲ.

೨೪ರಂದು ನಾನು ಯಾಕೆ ಬಂದೆ ಎಂದು ನೀವು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ, ನಿಮಗಾಗಿ ಬಂದೆ ಎಂದು ಜೀವನಪೂರ್ತಿ ತಿಳಿದುಕೊಂಡಿರಬಾರದು. ಆ ಸೋಮವಾರ ಹಿಂತೆಗೆತದ ಅರ್ಜಿ ಬರೆದುಕೊಂಡು ಕಚೇರಿಯ ಮೆಟ್ಟಿಲ ತನಕ ಹೋಗಿದ್ದೆ. ಅಮಿತ ಅಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದರು. "ಕೊಡು, ನಾನ ಒಳಗ ಕೊಟ್ಟು ಬರ್ತೇನಿ. ಛಲೋ ಕೆಲಸ ಮಾಡಿದಿ. ನಿನಗೂ ತ್ರಾಸಿಲ್ಲ, ನನಗೂ ತ್ರಾಸಿಲ್ಲ" ಎಂದು ಕೈ ಚಾಚಿದರು. ಅವರ ಮುಖದಲ್ಲಿ ಎಂಥಾ ನಿರಾಳ ಇತ್ತೆಂದರೆ, ನಾನು ಕಾಗದ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಅಂದೇ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. "ನೀ ಹ್ಯಾಂಗ ಮಾಡ್ತಿ ನೋಡು. ಹೇಳಾಕ ಹೋದ್ರ ನಾ ಬಂದು ಹೊರಗ ಕುಂದರ್ತೇನಿ" ಎಂದರು.

ಹೋದ ವಾರ ಅಮಿತ ಶಾಲೆಯ ಗೇಟಿನ ಹತ್ತಿರ ಬಂದಿದ್ದರು. ಕೋರ್ಟಿನಲ್ಲಿ ಹೇಳಿಕೆ ಬದಲಿಸು, ಆದದ್ದೆಲ್ಲ ಮರೆತುಬಿಡೋಣ ಎಂದರು. ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು. "ಮುದ್ದೇಬಿಹಾಳದಾಗ ನಿಮ್ಮ ಕೇಸ್ ಐತಿ. ತಾರೀಖಿಗೆ ಅಲ್ಲಿ ಹೋಗ್ರಿ, ಇಲ್ಲಿ ಬರಬ್ಯಾಡ್ರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಹೋದರು.

ಜೂನ್ ತಿಂಗಳ ಪತ್ರದಲ್ಲಿ ನಾನು ಸುಳ್ಳು ಬರೆದದ್ದು ನಿಜ. ನೀವು ಕ್ಷಮಿಸುವುದಿಲ್ಲ ಎಂದಿದ್ದೀರಿ. ನಾನೂ ನಿಮ್ಮ ಆ ಸಾಲನ್ನು ಕ್ಷಮಿಸಿಲ್ಲ. ನಮ್ಮಿಬ್ಬರ ನಡುವೆ ಇದು ಹೀಗೇ ಇರಲಿ.

ನಾನು ಉಪನೋಂದಣಿ ಕಚೇರಿಯಲ್ಲಿ ಹೇಳಿದ್ದನ್ನು ಅವರ ಕಡೆಯವರು ಅಲ್ಲಗಳೆಯುತ್ತಾರೆ, ನನ್ನನ್ನು ಕೋರ್ಟಿನಲ್ಲಿ ನಿಲ್ಲಿಸದೆ ಆಗುವುದಿಲ್ಲ ಎಂದು ನಿಮ್ಮ ವಕೀಲರು ಈಗಾಗಲೇ ಯೋಚಿಸಿರಬೇಕು. ಅವರಿಗೆ ಹೇಳಿ: ಸಮನ್ಸ್ ಕಳಿಸಲಿ, ಬರುತ್ತೇನೆ. ಎಷ್ಟು ತಾರೀಖು ಬಿದ್ದರೂ ಬರುತ್ತೇನೆ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ನೀವು ಮಾತ್ರ ಪತ್ರ ಬರೆಯಬೇಡಿ.

ಸಂಘಮಿತ್ರಾ ಸಿದ್ರಾಮ